ಪುಚೊಂಗ್ ಕೆರೆಯಲ್ಲಿ ಇಟ್ಟ ಎಡೆ

ರಾಗಿಮುದ್ದೆ ಬೇಯುವ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ಮಲೇಶಿಯಾದ ಪುಚೊಂಗ್‌ನ ನಮ್ಮ ಮನೆ ಹಿಂದಿನ ಪುಟ್ಟ ಕೆರೆ.

ಕೊರೊನಾ ಕಾಲ. ನಮ್ಮನ್ನು ನೋಡಲು ಬಂದ ತಾತ ವಿಮಾನಗಳು ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ಅತ್ತ ಮಂಡ್ಯದಲ್ಲಿ ಅವರ ಅಣ್ಣ ತೀರಿಕೊಂಡರು, ಮಣ್ಣಿಗೂ ಹೋಗಲಾಗಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ತಾತ ಮುದ್ದೆ ಕಟ್ಟಿಕೊಂಡು ಕೆರೆಗೆ ಹೊರಟರು. ಬಾಸ್ ಮೀನಿನ ಆಸೆಗೆ ನಾನೂ ಗಾಳ ಹಿಡಿದು ಹಿಂದೆ ಹೋದೆ.

ಅವರು ದಡದಲ್ಲಿ ಬಾಳೆಲೆ ಹಾಸಿ, ಮುದ್ದೆ ಇಟ್ಟು, ದೂರ ಸರಿದು ಕಣ್ಣು ಮುಚ್ಚಿ ಕೂತರು. ಅಣ್ಣತಮ್ಮಂದಿರು ಚಿಕ್ಕಂದಿನಲ್ಲಿ ಕಾವೇರಿಯಲ್ಲಿ ಗಾಳಕ್ಕೆ ಮುದ್ದೆ ಸಿಕ್ಕಿಸಿಯೇ ಮೀನು ಹಿಡಿಯುತ್ತಿದ್ದ ಕತೆ ತಾತನೇ ಹೇಳಿದ್ದರಲ್ಲ! ನಾನು ಒಂದು ಚೂರು ಚಿವುಟಿ ಕೊಕ್ಕೆಗೆ ಸಿಕ್ಕಿಸಿದೆ. ಬಾಸ್ ಬರಲಿಲ್ಲ, ಅಂಗೈಯಗಲದ ತಿಲಾಪಿಯಾ ಮೀನು ಬಂತು. ತಾತ ಕಣ್ಣು ತೆರೆದರು.

"ಅಯ್ಯೋ, ಅದು ನಮ್ಮಣ್ಣಂಗೆ ಇಟ್ಟ ಎಡೆ ಕಣವ್ವಾ!"

"ಸಾರಿ ತಾತ, ಮೀನಿಗೆ ಹಾಕೋ ಬೇಯ್ಟ್ ಅಂದ್ಕೊಂಡೆ ಲಾ," ಅಂದೆ, ಮಲೇಶಿಯಾದವರ ಹಾಗೆ ಕೊನೆಗೊಂದು 'ಲಾ' ಸೇರಿಸಿ. ಅಳು ಬಂದುಬಿಟ್ಟಿತ್ತು.

ತಾತ ಬಗ್ಗಿ ಮೀನಿನ ಬಾಯಲ್ಲಿದ್ದ ಮುದ್ದೆಯ ಚೂರು ನೋಡಿದರು.

"ಈ ಪರದೇಶದಲ್ಲಿ ಕಾಗೆ ಬಂದು ಎಡೆ ಮುಟ್ಟುತ್ತೋ ಇಲ್ವೋ ಅಂತ ಹೆದ್ರಿದ್ದೆ. ನಮ್ಮಣ್ಣ ನೋಡು, ಮುದ್ದೆ ಕಂಡ್ರೆ ತಡ್ಕೊಳ್ಳೋನೇ ಅಲ್ಲ."

ಕೊಕ್ಕೆಯನ್ನು ತಾವೇ ಮೆಲ್ಲಗೆ ಬಿಡಿಸಿ, ಮೀನನ್ನು ಎರಡೂ ಕೈಯಲ್ಲಿ ನೀರಿಗಿಳಿಸಿದರು.

"ಹೋಗ್ಬಾ ಅಣ್ಣಾ," ಅಂದರು.