ಶಿದ್ಲಿಂಗಪ್ಪನ ತೂಕ

“ನೀವು ಎದ್ದು ಕುಂತ್ರ ನಿಮ್ಮ ತೂಕದಷ್ಟು ಬೆಲ್ಲ ಬಸವಣ್ಣಗ ಕೊಡ್ತೇನಿ ಅಂತ ಹರಕಿ ಹೊತ್ತೇನ್ರಿ,” ಎಂದಳು ಕಾಶೆವ್ವ.

ದಸರೆಯಿಂದ ಹಾಸಿಗೆ ಹಿಡಿದಿದ್ದ ಶಿದ್ಲಿಂಗಪ್ಪ ಅಂದು ತಾನೇ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದ. ಬಟ್ಟಲು ಕೆಳಗಿಟ್ಟ. ಮೂಡಲಗಿ ಪೇಟೆಯಲ್ಲಿ ದೊಡ್ಡ ಬೆಲ್ಲದ ವ್ಯಾಪಾರಿ ಅವನು. ಗಿರಾಕಿಗೆ ರುಚಿ ನೋಡಲು ಅವನು ಕೊಡುವ ಬೆಲ್ಲದ ಚೂರು ಹಲ್ಲಿನ ಸಂದಿಗೂ ಸಾಲದು ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು. ತಾನು ತಿನ್ನುವಾಗ ಮಾತ್ರ ಕೈ ದೊಡ್ಡದು. ಅವನು ಚಕ್ಕಡಿ ಹತ್ತಿದರೆ ಎತ್ತುಗಳು ಕತ್ತು ತಿರುಗಿಸಿ ನೋಡುತ್ತಿದ್ದವು. ಗೋಕಾಕದಿಂದ ಬಂದಿದ್ದ ಡಾಕ್ಟರು, “ಈ ಮೈ ಇಳಸಲಿಲ್ಲಂದ್ರ ಮುಂದಿನ ಸಲ ನನ್ನ ಕರೆಯೂ ಜರೂರನಽ ಬೀಳೂದಿಲ್ಲ,” ಎಂದಿದ್ದರು. ಆಗ ಅವನು ನಕ್ಕುಬಿಟ್ಟಿದ್ದ. ಈಗ ನಗು ಬರಲಿಲ್ಲ.

“ನನ್ನ ತೂಕದಷ್ಟು? ಒಂದು ತೆಂಗಿನಕಾಯಿ ಸಾಲ್ತಿರಲಿಲ್ಲೇನು?”

“ತೆಂಗಿನಕಾಯಿಗೆ ಏಳೂವಂಥಾ ಮೈ ಏನ್ರಿ ಇದು? ನಾಳಿ ಸೋಮವಾರ ಐತಿ, ತೂಗಿಬಿಡೂಣು.”

“ನಾಳಿ ಬ್ಯಾಡ. ಉಗಾದಿಗೆ ಕೊಡೂಣು. ಹೊಸಾ ಬೆಲ್ಲ ಬಂದಿರ್ತೈತಿ. ದೇವರಿಗೆ ಹಳೇದು ಯಾಕ?”

ಕಾಶೆವ್ವ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. “ನೀವಂದಂಗ ಆಗ್ಲಿ,” ಎಂದು ಗಂಜಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ದೀಪಾವಳಿ ಕಳೆಯುವಷ್ಟರಲ್ಲಿ ಬೆಳಗಾವಿಯಿಂದ ಕರಿಯ ಸೈಕಲ್ಲೊಂದು ಬಂದಿಳಿಯಿತು. ಶಿದ್ಲಿಂಗಪ್ಪನನ್ನು ಅದರ ಮೇಲೆ ಕೂರಿಸಲು ಇಬ್ಬರು ಹಮಾಲರು ಬೇಕಾದರು. ಅವನು ಬೀಳಬಹುದಾದ ಕಡೆಯೆಲ್ಲ ಕಬ್ಬಿನ ಒಣಗರಿಯ ರವದಿ ಹಾಸಿದರು. ಆದರೆ ಅವನು ರವದಿ ಇಲ್ಲದ ಕಡೆಯೇ ಬಿದ್ದ. ಬಿದ್ದು ಬಿದ್ದು ಕಲಿತ. ಬೆಳಗಾದರೆ ಗುರ್ಲಾಪುರದ ದಾರಿಯಲ್ಲಿ ಅವನ ಗಂಟೆ ಕೇಳಿಸತೊಡಗಿತು.

ಆ ದಾರಿಯ ಬಾಜೂ ಭರಮವ್ವನ ಗಾಣ. ಗಾಣ ನಡೆದಿರುವಾಗ ಎದುರಿನಿಂದ ಯಾರೇ ಹೋಗಲಿ, ಕೊಪ್ಪರಿಗೆಯ ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡೇ ಮುಂದೆ ಹೋಗಬೇಕು.

“ಸಾವ್ಕಾರ್ರ, ಇಳೀರಿ! ಬಾಯಿ ಒಣಗಿಸ್ಕೊಂಡು ಹೋದ್ರ ನಮಗ ಚಂದ ಅನಸ್ತೈತೇನ್ರಿ?” ಎಂದು ಮುದುಕಿ ದಿನವೂ ಕೂಗುವಳು.

“ಇಳದ್ರ ಮತ್ತ ಹತ್ತಾಕ ಬರೂದಿಲ್ಲ ಯವ್ವಾ!” ಎಂದು ಇವನು ಪೆಡಲ್ ಒತ್ತುವನು. ಅದು ಖರೆಯೂ ಆಗಿತ್ತು. ಹತ್ತಲು ಅವನಿಗೆ ಕಟ್ಟೆಯಾದರೂ ಬೇಕು, ಕಲ್ಲಾದರೂ ಬೇಕು. ಬಿಸಿ ಬೆಲ್ಲದ ವಾಸನೆ ಮಾತ್ರ ಹಳ್ಳದವರೆಗೂ ಬೆನ್ನು ಹತ್ತಿ ಬರುತ್ತಿತ್ತು.

ಈ ವಯಸ್ಸಿನಲ್ಲಿ ಸೈಕಲ್ ಏಕೆಂದು ಪೇಟೆಯವರು ಕೇಳಿದರೆ ಹರಕೆಯ ಮಾತು ಎತ್ತುವಂತಿರಲಿಲ್ಲ. “ಇದು ಸೈಕಲ್ ಅಲ್ರಿ, ನನ್ನ ಕಾಲು. ನಾ ಬ್ಯಾರೆ ಅಲ್ಲ, ಇದು ಬ್ಯಾರೆ ಅಲ್ಲ,” ಎಂದು ಎದೆ ಉಬ್ಬಿಸುತ್ತಿದ್ದ. ಅಂಗಡಿ ಮುಚ್ಚುವ ಹೊತ್ತಿಗೆ ಮಾತ್ರ ಬಾಗಿಲು ಎಳೆದುಕೊಂಡು, ತೂಕ ಮಾಡುವ ಸಾತಪ್ಪನ ಕೈಯಿಂದ ಗುಟ್ಟಾಗಿ ತೂಗಿಸಿಕೊಳ್ಳುತ್ತಿದ್ದ. ತೂಕ ಇಳಿದು ಒಂದು ಪೆಂಟಿ, ಅಂದರೆ ಒಂದು ದೊಡ್ಡ ಅಚ್ಚು ಬೆಲ್ಲ ಉಳಿಯಿತೆಂದು ತಿಳಿದ ದಿನ ಇನ್ನಷ್ಟು ದೂರ ಹೊಡೆಯಲು ಹುರುಪು. ಅಂಗಿಗಳು ಜೋತಾಡತೊಡಗಿದವು. ಕಾಶೆವ್ವ ಏನೂ ಕೇಳದೆ ಅವುಗಳ ನಡು ಹಿಡಿಸಿ ಹೊಲಿದಳು.

ಯುಗಾದಿಯ ದಿನ ಬಸವಣ್ಣನ ಗುಡಿಯ ಅಂಗಳದಲ್ಲಿ ದೊಡ್ಡ ತಕ್ಕಡಿ ತೂಗುಬಿಟ್ಟಿದ್ದರು. ಶಿದ್ಲಿಂಗಪ್ಪ ಬೇವು ಬೆಲ್ಲವನ್ನೂ ಮುಟ್ಟದೆ ಸೈಕಲ್ ಮೇಲೆ ಬಂದಿದ್ದ. ತಲೆಯ ರುಮಾಲು ಮನೆಯಲ್ಲಿ ಉಳಿದಿತ್ತು, ಬೆಳ್ಳಿಯ ಉಡದಾರವೂ ಉಳಿದಿತ್ತು. ಬೆಳ್ಳಿ ಕರಡಿಗೆಯನ್ನು ಬಿಚ್ಚಿಟ್ಟು ಲಿಂಗವನ್ನು ತೆಳುವಾದ ಅರಿವೆಯಲ್ಲಿ ಕಟ್ಟಿಕೊಂಡಿದ್ದ. ತಕ್ಕಡಿಯ ಒಂದು ಪರಡಿಯಲ್ಲಿ ಹಗುರಾಗಿ ಹತ್ತಿ ಕುಳಿತ. ಸಾತಪ್ಪ ಇನ್ನೊಂದರಲ್ಲಿ ಒಂದೊಂದೇ ಪೆಂಟಿ ಏರಿಸಿದ. ಮುಳ್ಳು ನಡುವೆ ಬಂದು ನಿಂತಾಗ ಬೆಲ್ಲ ತಂದ ಚಕ್ಕಡಿಯಲ್ಲಿ ಇನ್ನೂ ಎರಡು ಪೆಂಟಿ ಉಳಿದಿದ್ದವು.

“ಅವನ್ನ ಅಂಗಡಿಗೆ ಹೊಳ್ಳಿ ಒಯ್ಯಿ,” ಎಂದ ಶಿದ್ಲಿಂಗಪ್ಪ. ಮುಖ ಹಬ್ಬದಂತಿತ್ತು.

“ತಡಿ ಸಾತಪ್ಪ,” ಎಂದಳು ಕಾಶೆವ್ವ. “ಅವು ಬೇಕಾಗ್ತಾವು. ಮೊದಲು ಆ ಸೈಕಲ್ ತಂದು ಇವರ ತೊಡಿ ಮ್ಯಾಲೆ ಇಡು.”

“ಸೈಕಲ್ ಯಾಕ?”

“ನನ್ನ ಕಾಲು ಅಂತ ಊರ ತುಂಬ ನೀವಽ ಹೇಳೀರಿ. ಕಾಲು ಹೊರಗ ಬಿಟ್ಟು ದೇವರ ಮುಂದ ತೂಗಸ್ಕೋತೀರೇನ್ರಿ?”

ಅಂಗಳದ ತುಂಬ ನಗೆ ಎದ್ದಿತು. ಶಿದ್ಲಿಂಗಪ್ಪ ದನಿ ತಗ್ಗಿಸಿ, “ನಿನಗ ಮೊದಲಿಂದೂ ಗೊತ್ತಿತ್ತೇನು?” ಎಂದು ಕೇಳಿದ.

“ಇಷ್ಟು ವರ್ಷ ನಿಮ್ಮ ಜೋಡಿ ಬಾಳೇವು ಮಾಡೇನ್ರಿ,” ಎಂದು ಅವಳೂ ಅಷ್ಟೇ ಮೆಲ್ಲಗೆ ಹೇಳಿದಳು. “ಡಾಕ್ಟರ ಮಾತಿಗೆ ಕರಗೂ ಮೈ ಅಲ್ಲ ಇದು ಅಂತ ಅವತ್ತಽ ತಿಳೀತು. ಬೆಲ್ಲದ ಮಾತಿಗೆ ಕರಗಿತಲ್ಲ, ಅಷ್ಟು ಸಾಕು ನನಗ.”

ಸಾತಪ್ಪ ನಗು ನುಂಗಿಕೊಂಡು ಸೈಕಲ್ ಎತ್ತಿ ತಂದು ಧಣಿಯ ತೊಡೆಯ ಮೇಲಿಟ್ಟ. ಶಿದ್ಲಿಂಗಪ್ಪ ಅದನ್ನು ಮಗುವಿನಂತೆ ತಬ್ಬಿ ಹಿಡಿದ. ಪರಡಿ ದಬ್ಬೆಂದು ನೆಲ ಮುಟ್ಟಿತು. ಆ ಪೆಟ್ಟಿಗೆ ಸೈಕಲ್ಲಿನ ಗಂಟೆ ತಾನಾಗಿ ಟ್ರಿಣ್ ಎಂದಿತು. ಗುಡಿಯ ಗಂಟೆ ಬಾರಿಸಲು ಕೈ ಎತ್ತಿದ್ದ ಪೂಜಾರಿ ಹಾಗೆಯೇ ಕೈ ಇಳಿಸಿದ.