ಐವತ್ತೆರಡು ಪುಸ್ತಕಗಳ ಸವಾಲು

ನಮ್ಮೂರಲ್ಲಿ ಯಾವ ಪುಟ ಓದಿದರೂ ಅದರ ಅಕ್ಷರಗಳು ಗಂಟೆಯೊಳಗೆ ಅಳಿಸಿಹೋಗುವುದರಿಂದ ನಮ್ಮ ಗ್ರಂಥಾಲಯದ ವಾರ್ಷಿಕ ಓದಿನ ಸವಾಲಿನಲ್ಲಿ ಸುಳ್ಳು ನಡೆಯುವುದಿಲ್ಲ. ಆದರೂ ಬಹುಮಾನ ನನ್ನದೇ ಎಂದು ಹೆಂಡತಿಗೆ ಹೇಳಿ ಬಂದಿದ್ದೆ.

ಗ್ರಂಥಪಾಲಕಿ ಇಂದುಮತಿ ನನ್ನ ಐವತ್ತೆರಡು ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿದರು. ಎಲ್ಲದರಲ್ಲೂ ಮೊದಲ ಹತ್ತು ಪುಟ ಮತ್ತು ಕೊನೆಯ ಪುಟ ಮಾತ್ರ ಖಾಲಿ.

“ಮಧ್ಯದ್ದೆಲ್ಲ ಹಾಗೇ ಇದೆಯಲ್ಲ, ಸಾರ್?”

“ವಿಮರ್ಶೆ ಬರೆಯೋಕೆ ಅಷ್ಟು ಸಾಕು ಮೇಡಂ,” ಎಂದು, ಪುಸ್ತಕಕ್ಕೆ ನಾಲ್ಕು ಸಾಲಿನಂತೆ ವಿಮರ್ಶೆ ಬರೆದಿದ್ದ ನೋಟ್‌ಬುಕ್ಕನ್ನು ಗತ್ತಿನಿಂದ ಮುಂದಿಟ್ಟೆ.

ಅವರು ತಿರುವಿದರು. ಮೊದಲಿನಿಂದ ಕೊನೆಯವರೆಗೂ ಬಿಳಿ ಹಾಳೆ. ಬೆಳಿಗ್ಗೆ ಬಸ್ಸಿನಲ್ಲಿ ನನ್ನ ವಿಮರ್ಶೆಗಳನ್ನೇ ಮೈಮರೆತು ಓದುತ್ತಾ, ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ.

“ಪೂರ್ತಿ ಓದಿರೋದು ಇದೊಂದೇ ಸಾರ್,” ಎಂದು ಇಂದುಮತಿ ನನ್ನ ಹೆಸರಿನ ಮುಂದೆ ‘ಒಂದು’ ಎಂದು ಬರೆದುಕೊಂಡರು.