ದಾನೇಶ್ವರಿಯ ಅಡುಗೆಮನೆಯ ಕಡಲು

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಹಳೇ ಚರ್ಚ್ ಹಾಲ್‌ನಲ್ಲಿ ಹಲ್ಲಿನ ಡಾಕ್ಟರ್ ಬಸವಪ್ರಭು ಬ್ಯಾಂಡು ನಡೆಸುವ ಕೋಲೆತ್ತಿದ. ಊರಿನ ಬ್ರಾಸ್ ಬ್ಯಾಂಡು ಅವನೇ ಬರೆದ, ಮೂರು ಪೆಟ್ಟಿನ ಕುಣಿತದ ಹೊಸ ವಾಲ್ಟ್ಜ್ ‘ಕಡಲ ಉಬ್ಬರ’ವನ್ನು ಶುರು ಮಾಡಿತು. ಮೊದಲ ಸಾಲಿನಲ್ಲಿ ಅವನ ಹೆಂಡತಿ ದಾನೇಶ್ವರಿ ಇಳಕಲ್ ಸೀರೆ ಉಟ್ಟು, ಒಳಗೊಳಗೇ ಖುಷಿಯಾಗಿ ಕೂತಿದ್ದಳು. ಇದು ಮಣ್ಣುಮುಕ್ಕುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು.

ಸ್ಕಾರ್ಬರೋ ಊರಿನ ಕಡಲ ದಂಡೆಯಲ್ಲಿ ಕೂತು ಅಲೆಗಳಿಂದ ಕಲಿತ ಲಯವಿದು ಎಂದು ಬಸವಪ್ರಭು ಈಗಷ್ಟೇ ಮೈಕಿನಲ್ಲಿ ಗದ್ಗದಿತನಾಗಿ ಹೇಳಿದ್ದ. ಶುದ್ಧ ಸುಳ್ಳು. ಸ್ಕಾರ್ಬರೋದಲ್ಲಿ ಚಳಿಗೆ ಹೆದರಿ ಕಾರಿನಿಂದ ಇಳಿಯದೆ ಚುರಮರಿ ತಿಂದು ಬಂದ ಪುಣ್ಯಾತ್ಮ ಅವನು. ಆ ಲಯ ಹುಟ್ಟಿದ್ದು ಅಡುಗೆಮನೆಯ ವಾಷಿಂಗ್ ಮೆಷಿನ್ನಿನಲ್ಲಿ. ಒಂದು ಕಾಲು ಮುರಿದ ಆ ಮುದಿ ಯಂತ್ರ ಧಡ್-ಟಕ್-ಟಕ್ ಎಂದು ಮೂರು ಪೆಟ್ಟಿಗೆ ಓಲಾಡುತ್ತಿತ್ತು. ಬಟ್ಟೆ ಹಿಂಡುವ ಹೊತ್ತಿಗಂತೂ ನೀರು ಕಾರುತ್ತ ಬಾಗಿಲ ಕಡೆ ಹೊರಟೇಬಿಡುತ್ತಿತ್ತು. ದಾನೇಶ್ವರಿ ದಡಬಡ ಓಡಿ ಅದರ ಮೇಲೆ ಕೂರಬೇಕು, ಆಮೇಲೆ ನೆಲ ಒರೆಸಬೇಕು. ಹೊಸದು ತರೋಣ ಎಂದರೆ, ನನ್ನ ಕಡಲನ್ನೇ ಗುಜರಿಗೆ ಹಾಕುತ್ತೀಯಾ ಎಂದು ಗಂಡ ಮುಖ ಊದಿಸುತ್ತಿದ್ದ.

ಕೊನೆಗೊಂದು ಒಪ್ಪಂದವಾಗಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರೆ ಮೆಷಿನ್ನು ಇರುತ್ತದೆ, ಬಸವಪ್ರಭು ಇನ್ನೊಂದು ವಾಲ್ಟ್ಜ್ ಬರೆಯುತ್ತಾನೆ. ಕೂತೇ ಹೊಡೆದರೆ ಮರುದಿನವೇ ಹೊಸ ಮೆಷಿನ್ನು. ದಾನೇಶ್ವರಿ ತಟ್ಟನೆ ಒಪ್ಪಿದ್ದಳು. ಈ ಊರಿನವರು ಬಸ್ಸು ಬಂದಾಗ ಬಿಟ್ಟರೆ ಇನ್ಯಾವುದಕ್ಕೂ ಎದ್ದದ್ದನ್ನು ಅವಳು ಕಂಡಿರಲಿಲ್ಲ.

ವಾಲ್ಟ್ಜ್ ಸಾಗಿತ್ತು. ಪಕ್ಕದ ಇಂಗ್ಲಿಷ್ ಅಜ್ಜಿ ತೂಕಡಿಸುತ್ತಿದ್ದಳು, ಹಿಂದೆ ಯಾರೋ ಚಿಪ್ಸ್ ಪೊಟ್ಟಣ ಬಿಚ್ಚುತ್ತಿದ್ದರು. ದಾನೇಶ್ವರಿ ಮನಸ್ಸಿನಲ್ಲೇ ಹೊಸ ಮೆಷಿನ್ನಿಗೆ ಜಾಗ ಅಳೆದಳು. ಅಷ್ಟರಲ್ಲಿ ಉಬ್ಬರ ಬಂತು. ಡೋಲು ಧಡ್ ಎಂದಿತು, ಕಹಳೆಗಳು ಟಕ್-ಟಕ್ ಎಂದವು, ವೇಗ ಏರಿತು, ಇನ್ನೂ ಏರಿತು. ಹಿಂಡುವ ಹೊತ್ತು! ದಾನೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಧಡಕ್ಕನೆ ಎದ್ದು ನಿಂತಳು.

ಬರೆದವನ ಹೆಂಡತಿಯೇ ನಿಂತಿರುವಾಗ ತಾವು ಕೂರುವುದು ಮರ್ಯಾದೆಯಲ್ಲವೆಂದು ಹಿಂದಿನ ಸಾಲಿನವರು ಎದ್ದರು. ಅವರನ್ನು ನೋಡಿ ಅವರ ಹಿಂದಿನವರು ಎದ್ದರು. ಕೊನೆಯ ಪೆಟ್ಟು ಬೀಳುವಷ್ಟರಲ್ಲಿ ಇಡೀ ಸಭೆ ನಿಂತು ಚಪ್ಪಾಳೆ ಹೊಡೆಯುತ್ತಿತ್ತು. ನಿದ್ದೆಯಿಂದೆದ್ದ ಅಜ್ಜಿ ಅವಳ ಕೈ ಹಿಡಿದು, ಕಾಲಡಿಗೆ ನೀರು ಬಂದಂತೆಯೇ ಆಯಿತಮ್ಮಾ ಎಂದಳು. ಅದನ್ನು ಒರೆಸುವವರು ಯಾರೆಂದು ದಾನೇಶ್ವರಿ ಹೇಳಲಿಲ್ಲ. ವೇದಿಕೆಯ ಮೇಲೆ ಗಂಡನ ಕಣ್ಣಲ್ಲಿ ನೀರು, ಕೆಳಗೆ ಇವಳ ಕಣ್ಣಲ್ಲೂ ನೀರು. ತನ್ನ ಮೇಲೇ ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು.

ಮರುದಿನ ಮೆಷಿನ್ನು ಎಂದಿನಂತೆ ನೀರು ಕಾರುತ್ತ ಹೊರಟಿತು. ದಾನೇಶ್ವರಿ ಓಡಿಹೋಗಿ ಮೇಲೆ ಕೂತಳು. ಪೆನ್ಸಿಲ್ ಹಿಡಿದು ಬಂದ ಬಸವಪ್ರಭು ಕಿವಿಗೊಟ್ಟು ಕೇಳಿ ಮುಖ ಸಿಂಡರಿಸಿದ.

“ಸ್ವಲ್ಪ ಎದ್ದು ನಿಲ್ಲು ದಾನೇಶ್ವರಿ. ನೀ ಕುಂತ್ರ ಕಡಲಿನ ಅಲಿ ಸಪ್ಪಳ ಬರವಲ್ದು.”

“ಒಮ್ಮೆ ಎದ್ದದ್ದ ಸಾಕಾಗೇತ್ರಿ,” ಎಂದಳು ದಾನೇಶ್ವರಿ, ಇನ್ನಷ್ಟು ಗಟ್ಟಿಯಾಗಿ ಕೂರುತ್ತ.